ರೆಡ್ ಹುಕ್ ನ್ಯಾಯ ಕೇಂದ್ರ: ಸೆರೆಮನೆಗೆ ಕಳುಹಿಸುವ ಮುನ್ನ

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ, ಬಂದರಿಗೆ ಅಂಟಿಕೊಂಡಿರುವ ರೆಡ್ ಹುಕ್ ಬಡಾವಣೆಯ ಹಳೆಯ ಕ್ಯಾಥೊಲಿಕ್ ಶಾಲಾ ಕಟ್ಟಡವೊಂದರಲ್ಲಿ 2000ರಿಂದ ಸಮುದಾಯ ನ್ಯಾಯ ಕೇಂದ್ರ ನಡೆಯುತ್ತಿದೆ. ಇದನ್ನು ನ್ಯಾಯಾಲಯವೆಂದಷ್ಟೇ ಅಳೆಯದೆ, ಅಲ್ಲಿಗೆ ಬಂದವರಿಗೆ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂದು ಸಾರ್ವಜನಿಕ ಸೇವೆಯೊಂದನ್ನು ಪರಿಶೀಲಿಸುವಂತೆ ನೋಡುವುದು ಹೆಚ್ಚು ಸರಿ.

ಶಾಲೆಯಿಂದ ಹೊರಟುಹೋಗಿದ್ದ ವಿದ್ಯಾರ್ಥಿಯನ್ನು ಹುಡುಕುತ್ತಿದ್ದ ಪ್ಯಾಟ್ರಿಕ್ ಡೇಲಿ ಎಂಬ ಮುಖ್ಯೋಪಾಧ್ಯಾಯರು 1992ರಲ್ಲಿ ಗುಂಡಿನ ಚಕಮಕಿಗೆ ಸಿಲುಕಿ ಮೃತಪಟ್ಟ ಬಳಿಕ ಈ ಕೇಂದ್ರದ ಆಲೋಚನೆ ರೂಪುಗೊಂಡಿತು. ನ್ಯಾಯಾಧೀಶರ ಪೀಠವನ್ನು ಎತ್ತರದಲ್ಲಿಡದೆ, ಎದುರು ನಿಂತವರ ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡುವ ಮಟ್ಟದಲ್ಲಿ ಕಟ್ಟಲಾಗಿದೆ. ಆರೋಪಿಗಳನ್ನು ಕೂರಿಸುವ ಕೋಣೆಗಳಿಗೆ ಸರಳುಗಳ ಬದಲು ಗಾಜಿದೆ. ಮೇಲ್ನೋಟಕ್ಕೆ ಇದು ಅಲಂಕಾರವೆನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತ್ತು.

ಕೇಂದ್ರದ ನಿಜವಾದ ಅನುಕೂಲವಿರುವುದು ಒಬ್ಬರೇ ನ್ಯಾಯಾಧೀಶರು ಸಣ್ಣಪುಟ್ಟ ಅಪರಾಧಗಳ ಜೊತೆಗೆ ಸರ್ಕಾರಿ ವಸತಿ ಸಮುಚ್ಚಯದ ಬಾಡಿಗೆ ಮತ್ತು ದುರಸ್ತಿಯ ವ್ಯಾಜ್ಯಗಳನ್ನೂ ಕೇಳುವುದರಲ್ಲಿ. ಮಾದಕವಸ್ತು ಇಟ್ಟುಕೊಂಡು ಸಿಕ್ಕಿಬಿದ್ದವನು ಬಾಡಿಗೆ ಕಟ್ಟಲಾಗದೆ ಮನೆ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದರೆ, ಆ ಎರಡೂ ಸಂಗತಿಗಳು ಒಂದೇ ಪೀಠದ ಮುಂದೆ ಬರುತ್ತವೆ. ಆರಂಭದಿಂದ ಬಹುಕಾಲ ಇಲ್ಲಿದ್ದ ನ್ಯಾಯಾಧೀಶ ಅಲೆಕ್ಸ್ ಕಲಾಬ್ರೀಸ್ ದೂರು ಬಂದ ಮನೆಗಳನ್ನು ತಾವೇ ಹೋಗಿ ನೋಡಿದ್ದುಂಟು. ವ್ಯಸನದ ತೀವ್ರತೆಯನ್ನು ಅಳೆಯುವ ಸಿಬ್ಬಂದಿ ಅದೇ ಕಟ್ಟಡದಲ್ಲಿರುವುದರಿಂದ, ಸೆರೆಮನೆಯ ಬದಲು ಚಿಕಿತ್ಸೆ ಪಡೆಯಬೇಕೆಂಬ ಆದೇಶ ಕೈಗೆ ಬಂದ ಮೇಲೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಿಲ್ಲ. ದೀರ್ಘ ಚಿಕಿತ್ಸೆ ಬೇಕಾದವರನ್ನು ಹೊರಗಿನ ಸಂಸ್ಥೆಗಳಿಗೆ ಕಳುಹಿಸುತ್ತಾರೆ.

2013ರಲ್ಲಿ ಪ್ರಕಟವಾದ ಸ್ವತಂತ್ರ ಮೌಲ್ಯಮಾಪನದ ಪ್ರಕಾರ, ಇಲ್ಲಿ ವಿಚಾರಣೆ ಎದುರಿಸಿದ ವಯಸ್ಕರು ಮತ್ತೆ ಅಪರಾಧವೆಸಗುವ ಸಾಧ್ಯತೆ ಬ್ರೂಕ್ಲಿನ್‌ನ ಸಾಮಾನ್ಯ ನ್ಯಾಯಾಲಯದ ಮೂಲಕ ಹೋದವರಿಗಿಂತ ಶೇ. 10ರಷ್ಟು ಕಡಿಮೆಯಿತ್ತು. ಈ ಇಳಿಕೆಗೆ ಚಿಕಿತ್ಸೆ ಅಥವಾ ಶಿಕ್ಷೆಯ ಭಯಕ್ಕಿಂತ, ನ್ಯಾಯಾಲಯ ತಮ್ಮನ್ನು ಗೌರವದಿಂದ ಕಂಡಿತು ಎಂಬ ಭಾವನೆಯೇ ಹೆಚ್ಚು ಕಾರಣವಿರಬಹುದೆಂದು ಅಧ್ಯಯನಕಾರರು ಅಭಿಪ್ರಾಯಪಟ್ಟರು. ಪೀಠದ ಎತ್ತರದ ಬಗ್ಗೆ ನನ್ನ ಮೊದಲ ಅನಿಸಿಕೆ ಬದಲಾದದ್ದು ಈ ಮಾತನ್ನು ಓದಿದ ಬಳಿಕ.

ಆಕ್ಷೇಪಗಳೂ ಇವೆ. ಚಿಕಿತ್ಸೆಯ ಬಾಗಿಲು ಸಾಮಾನ್ಯವಾಗಿ ತಪ್ಪೊಪ್ಪಿಕೊಂಡ ಮೇಲೆಯೇ ತೆರೆಯುತ್ತದೆ, ಮತ್ತು ಅರ್ಧಕ್ಕೆ ಬಿಟ್ಟವನಿಗೆ ಸೆರೆಮನೆ ಕಾದಿರುತ್ತದೆ. ಹೀಗಿರುವಾಗ ಒಪ್ಪಿಗೆಯನ್ನು ಪೂರ್ಣ ಸ್ವಇಚ್ಛೆಯೆನ್ನಲು ನನಗೆ ಮನಸ್ಸು ಬರುವುದಿಲ್ಲ. ಇಡೀ ವ್ಯವಸ್ಥೆ ಒಬ್ಬ ನ್ಯಾಯಾಧೀಶರ ಸ್ವಭಾವದ ಮೇಲೆ ಇಷ್ಟೊಂದು ನಿಂತಿರುವುದೂ ಅದರ ದೌರ್ಬಲ್ಯವೇ.

ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ 39ನೆಯ ಕಲಮು, ಅಲ್ಪ ಪ್ರಮಾಣದ ಕೆಲವು ಅಪರಾಧಗಳಲ್ಲಿ, ವ್ಯಸನಿಯನ್ನು ಅವನ ಒಪ್ಪಿಗೆಯೊಂದಿಗೆ ಚಿಕಿತ್ಸೆಗೆ ಕಳುಹಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ವ್ಯಸನ ಚಿಕಿತ್ಸೆಯಲ್ಲಿ ಹೆಸರಾದ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ರೆಡ್ ಹುಕ್‌ನಿಂದ ನಾವು ಎರವಲು ತರಬಹುದಾದದ್ದು ಗಾಜಿನ ಕೋಣೆಯನ್ನಲ್ಲ, ನ್ಯಾಯಾಲಯದ ಆವರಣದಲ್ಲೇ ಆಪ್ತಸಮಾಲೋಚಕರಿಗೊಂದು ಮೇಜನ್ನು.