ಧಣಿಯಿಲ್ಲದ ಹೋಟೆಲಿನ ಊಟ: ಬದಿಯಡ್ಕ ಕಡೆಯ ಒಂದು ಮಹಿಳಾ ಘಟಕದ ವಿಮರ್ಶೆ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಬದಿಯಡ್ಕ ದಾಟಿ ಮುಳ್ಳೇರಿಯದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಪಂಚಾಯತು ಕಟ್ಟಡವೊಂದರ ಕೆಳಗಿನ ಎರಡು ಕೋಣೆಗಳಲ್ಲಿ, ರಾಜ್ಯ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಏಳು ಮಂದಿ ಮಹಿಳೆಯರು ಸೇರಿ ನಡೆಸುತ್ತಿರುವ ಹೋಟೆಲಿನ ಬಗ್ಗೆ ಈ ಬರಹ. ಹೆಸರನ್ನು ಬರೆಯುತ್ತಿಲ್ಲ. ಮುಂದೆ ಹೇಳಲಿರುವ ಕೊರತೆಗಳಲ್ಲಿ ಹೆಚ್ಚಿನವು ಆ ಏಳು ಮಂದಿಯ ಕೈಮೀರಿದವು. ಅದಕ್ಕಾಗಿ ಅವರನ್ನು ಬೆರಳು ಮಾಡಿ ತೋರಿಸುವುದು ನ್ಯಾಯವಲ್ಲ. ರುಚಿಯನ್ನಷ್ಟೇ ಹೇಳಿ ಮುಗಿಸಬಹುದಾಗಿದ್ದ ವಿಮರ್ಶೆಯಲ್ಲಿ ಅಡಿಗೆಮನೆಯ ದುಡಿಮೆಯ ವಿಚಾರವೇ ಹೆಚ್ಚು ಜಾಗ ಹಿಡಿದಿದೆ, ಏಕೆಂದರೆ ತನಗೆ ಧಣಿಯಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಹೋಟೆಲನ್ನು ದುಡಿಯುವವರ ಕಡೆಯಿಂದಲೂ ನೋಡಬೇಕಾಗುತ್ತದೆ.

ಮೊದಲು ಊಟ. ಮಧ್ಯಾಹ್ನ 12 ಗಂಟೆಗೆ ಬಡಿಸಲು ತೊಡಗುತ್ತಾರೆ. 30 ರೂಪಾಯಿಗೆ ಕುಚ್ಚಲಕ್ಕಿಯ ಅನ್ನ, ಸಾಂಬಾರು, ಒಂದು ಪಲ್ಯ, ಮಜ್ಜಿಗೆ ಹುಳಿ ಇಲ್ಲವೇ ಸಾರು, ಜೊತೆಗೆ ಉಪ್ಪಿನಕಾಯಿ. ಎರಡನೆಯ ಸಲ ಅನ್ನ ಕೇಳಲು ಸಂಕೋಚಪಡಬೇಕಾಗಿಲ್ಲ. ಸಾಂಬಾರಿಗೆ ಪೊಟ್ಟಣದ ಪುಡಿಯಲ್ಲ, ಕೊತ್ತಂಬರಿ, ಮೆಣಸು, ತೆಂಗಿನಕಾಯಿ ಹುರಿದು ಅರೆದ ಮಸಾಲೆ ಹಾಕುತ್ತಾರೆ ಎಂಬುದು ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ. ಗುಜ್ಜೆ (ಎಳೆಯ ಹಲಸಿನಕಾಯಿ) ಸಿಗುವ ತಿಂಗಳುಗಳಲ್ಲಿ ಗುಜ್ಜೆ ಪಲ್ಯವಿರುತ್ತದೆ. ಅದೊಂದಕ್ಕಾಗಿಯೇ ಇಲ್ಲಿಗೆ ಬರಬಹುದು. ಬಂಗುಡೆ, ಬೂತಾಯಿ ಹುರಿದದ್ದಕ್ಕೆ ಬೇರೆ ದರ, ಅದು ಅಂದಂದಿನ ಮೀನು ಮಾರುಕಟ್ಟೆಯನ್ನು ಅವಲಂಬಿಸಿದೆ. ಮೀನಿನ ಕಾವಲಿಯನ್ನೂ ಸೌಟುಗಳನ್ನೂ ಬೇರೆಯಾಗಿಯೇ ಇಟ್ಟುಕೊಂಡಿರುವುದರಿಂದ ನನ್ನಂಥ ಸಸ್ಯಾಹಾರಿಗಳಿಗೂ ಮುಜುಗರವಾಗುವುದಿಲ್ಲ. ಸಂಜೆಯ ಚಹಾ ಸಾಧಾರಣ, ಬಾಳೆಕಾಯಿ ಪೋಡಿ ಚೆನ್ನಾಗಿದೆ.

ಕೊರತೆಗಳೂ ಇವೆ. ಒಂದೂವರೆ ಗಂಟೆ ಕಳೆದ ಮೇಲೆ ಬಂದರೆ ಸಾಂಬಾರು ನೀರಾಗಿರುತ್ತದೆ, ಪಲ್ಯ ಮುಗಿದಿರುವುದೂ ಉಂಟು. ಕೈತೊಳೆಯುವ ಜಾಗ ಇಕ್ಕಟ್ಟು. ದರದ ಪಟ್ಟಿ ಮಲಯಾಳದಲ್ಲಿ ಮಾತ್ರ ಇದೆ. ಬಡಿಸುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮರಾಟಿಯನ್ನೋ ಆಡುವವರು, ಉಣ್ಣಲು ಬರುವವರಲ್ಲೂ ಬಹುಪಾಲು ಅದೇ ಬಗೆಯವರು. ಹಾಗಿರುವಾಗ ಎರಡು ಸಾಲು ಕನ್ನಡ ಬರೆಸಲು ಹೆಚ್ಚಿನ ಖರ್ಚೇನೂ ಬೀಳದು.

ಇಷ್ಟು ಒಳ್ಳೆಯ ಊಟ ಇಷ್ಟು ಕಡಿಮೆ ದರಕ್ಕೆ ಹೇಗೆ ಸಾಧ್ಯ ಎಂಬ ಪ್ರಶ್ನೆಯಿಂದ ಹೋಟೆಲಿನ ಇನ್ನೊಂದು ಮುಖ ಕಾಣತೊಡಗುತ್ತದೆ. 2020ರ ಬಜೆಟ್ಟಿನಲ್ಲಿ ಕೇರಳ ಸರಕಾರವು ಹಸಿವುಮುಕ್ತ ಕೇರಳದ ಹೆಸರಿನಲ್ಲಿ ಅಗ್ಗದ ಊಟ ನೀಡುವ 1000 ಜನಕೀಯ (ಜನರ) ಹೋಟೆಲುಗಳನ್ನು ಘೋಷಿಸಿತು ಮತ್ತು ಅವುಗಳನ್ನು ನಡೆಸುವ ಹೊಣೆಯನ್ನು ಕುಟುಂಬಶ್ರೀ ಮಹಿಳೆಯರಿಗೆ ವಹಿಸಿತು. ಪ್ರತಿ ಊಟಕ್ಕೆ ಗಿರಾಕಿಯಿಂದ 20 ರೂಪಾಯಿ, ಸರಕಾರದಿಂದ 10 ರೂಪಾಯಿ ಸಬ್ಸಿಡಿ, ರಾಜ್ಯದ ನಾಗರಿಕ ಪೂರೈಕೆ ನಿಗಮವಾದ ಸಪ್ಲೈಕೋದಿಂದ ಕಿಲೋಗೆ 10.90 ರೂಪಾಯಿಯಂತೆ ಅಕ್ಕಿ, ಸ್ಥಳೀಯ ಪಂಚಾಯತಿನಿಂದ ಕಟ್ಟಡ, ನೀರು, ವಿದ್ಯುತ್ತು: ಇಷ್ಟು ಆಧಾರದ ಮೇಲೆ ಲೆಕ್ಕ ನಿಂತಿತ್ತು. ಕೊರೋನಾ ಕಾಲದಲ್ಲಿ ಈ ಹೋಟೆಲುಗಳಿಂದ ಆದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಬ್ಸಿಡಿಯ ಹಣ ಸಕಾಲಕ್ಕೆ ಬರಲಿಲ್ಲ. ಬಾಕಿಗಾಗಿ ತಿಂಗಳುಗಟ್ಟಲೆ ಕಾದ ಘಟಕಗಳ ಮಹಿಳೆಯರು ಅಂಗಡಿಯವರಿಗೆ ಸಾಲಗಾರರಾದರು. 2023ರ ಆಗಸ್ಟಿನಲ್ಲಿ ಸಬ್ಸಿಡಿಯನ್ನೇ ನಿಲ್ಲಿಸಿ ಊಟದ ದರವನ್ನು 30 ರೂಪಾಯಿಗೆ ಏರಿಸಲಾಯಿತು. ಒಟ್ಟು ಮೊತ್ತ ಹಿಂದೆಯೂ 30, ಈಗಲೂ 30. ನಡುವೆ ತರಕಾರಿ, ಎಣ್ಣೆ, ಗ್ಯಾಸು ಮಾತ್ರ ತಮ್ಮ ಪಾಡಿಗೆ ಏರಿವೆ. ಆ ವ್ಯತ್ಯಾಸವನ್ನು ತುಂಬುತ್ತಿರುವುದು ಅಡಿಗೆಮನೆಯಲ್ಲಿ ನಿಂತವರ ಪಾಲಿನ ಹಣ.

ಈ ಘಟಕದಲ್ಲಿ ಹಣ ಹಂಚುವ ಕ್ರಮ ಸರಳವಾಗಿದೆ. ಸಂಜೆ ಲೆಕ್ಕ ಕೂಡಿ, ಅಕ್ಕಿ, ತರಕಾರಿ, ಗ್ಯಾಸು, ಬ್ಯಾಂಕಿನ ಸಾಲದ ಕಂತು ಇವನ್ನೆಲ್ಲ ಕಳೆದು, ಉಳಿದದ್ದನ್ನು ಏಳು ಪಾಲು ಮಾಡುತ್ತಾರೆ. ಲೆಕ್ಕದ ಪುಸ್ತಕ ಎಲ್ಲರ ಎದುರೇ ತೆರೆದಿರುತ್ತದೆ. ನಗದಿನ ಮೇಜು, ಒಲೆ, ಅರೆಯುವ ಕೆಲಸ, ಪಾತ್ರೆ ತೊಳೆಯುವುದು, ಎಲ್ಲವೂ ವಾರದ ಪಾಳಿಯಲ್ಲಿ ಬದಲಾಗುತ್ತವೆ. ಪಾತ್ರೆ ತೊಳೆಯುವವಳು ಕೀಳು, ನಗದು ಎಣಿಸುವವಳು ಮೇಲು ಎಂಬ ಭಾವನೆ ಇಲ್ಲಿ ಬೇರೂರದಿರುವುದಕ್ಕೆ ಅದೇ ಕಾರಣವಿರಬೇಕು. ಬೈಗುಳವಿಲ್ಲ, ಸಂಬಳ ತಡೆಹಿಡಿಯುವವರಿಲ್ಲ, ತಪ್ಪಿಗೆ ದಂಡ ಹಾಕುವವರಿಲ್ಲ. ಆದರೆ ಶಾಲೆಗಳಿಗೆ ರಜೆಯಿರುವ ವಾರ, ಹರತಾಳದ ದಿನ, ಆಟಿಯ ಮಳೆ ಬಿಡದೆ ಹೊಯ್ಯುವ ದಿನಗಳಲ್ಲಿ ಒಬ್ಬೊಬ್ಬರ ಪಾಲಿಗೆ ಬೀಳುವ ಮೊತ್ತ ಉದ್ಯೋಗ ಖಾತರಿಯ ಕೂಲಿಗಿಂತಲೂ ಕಡಿಮೆ ಎಂದು ಅವರೇ ಹೇಳುತ್ತಾರೆ. 2024–25ರಲ್ಲಿ ಕೇರಳದಲ್ಲಿ ಆ ಕೂಲಿ ದಿನಕ್ಕೆ 346 ರೂಪಾಯಿ ಇತ್ತು. ಬೆಳಗ್ಗೆ ಆರೂವರೆಗೆ ಬಂದು ಸಂಜೆ ಐದಕ್ಕೆ ಬಾಗಿಲು ಹಾಕುವವರು ಅದಕ್ಕಿಂತ ಕಡಿಮೆ ಹಣ ಹಿಡಿದು ಮನೆಗೆ ಹೋಗುವುದಾದರೆ, ನಾವು ಉಂಡ ಊಟ ನಿಜವಾಗಿ ಅಗ್ಗದ್ದಲ್ಲ.

ಜನಸಂದಣಿ ಕಡಿಮೆಯಾದ ಹೊತ್ತಿನಲ್ಲಿ, ಯಜಮಾನರಿಲ್ಲದೆ ಕೆಲಸ ಮಾಡುವುದು ಹೇಗನಿಸುತ್ತದೆ ಎಂದು ಹಿರಿಯರೊಬ್ಬರಲ್ಲಿ ಕೇಳಿದೆ. “ಧಣಿ ಇಲ್ಲ ಅಣ್ಣ, ಅದು ದೊಡ್ಡ ನೆಮ್ಮದಿ. ಆದರೆ ಹುಷಾರಿಲ್ಲದಿದ್ದರೆ ರಜೆ ಯಾರ ಹತ್ರ ಕೇಳುವುದು?” ಎಂದರು. ಒಬ್ಬಳು ಬಾರದಿದ್ದರೆ ಅವಳ ಕೆಲಸ ಉಳಿದ ಆರು ಮಂದಿಯ ಮೇಲೆ ಬೀಳುತ್ತದೆ, ಅವಳ ಪಾಲು ಆ ದಿನಕ್ಕಿಲ್ಲ. ಹೆರಿಗೆಗೆಂದು ಹೋದ ಸದಸ್ಯೆಗೆ ಉಳಿದವರು ಸೇರಿ ಒಂದಿಷ್ಟು ಹಣ ಕೊಟ್ಟರಂತೆ. ಅದು ಅವರ ಒಳ್ಳೆಯತನ, ಅವಳ ಹಕ್ಕಲ್ಲ. ಭವಿಷ್ಯನಿಧಿಯ ಕಾನೂನು ಸಾಮಾನ್ಯವಾಗಿ 20 ಮಂದಿ ನೌಕರರಿರುವ ಸಂಸ್ಥೆಗಳಿಂದ ಮೇಲಕ್ಕೆ ಅನ್ವಯವಾಗುತ್ತದೆ. ಇಲ್ಲಿರುವವರು ಏಳೇ ಮಂದಿ, ಅದರಲ್ಲೂ ನೌಕರರಲ್ಲ, ತಾವೇ ಒಡತಿಯರು. ಒಡೆತನ ಸಿಕ್ಕಿತು ಎಂಬ ಕಾರಣಕ್ಕೇ ಕಾರ್ಮಿಕರಿಗಿರುವ ರಕ್ಷಣೆ ಅವರ ಕೈತಪ್ಪಿದೆ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1999ರಿಂದ ಘನತೆಯ ದುಡಿಮೆಯ ಬಗ್ಗೆ ಮಾತನಾಡುವಾಗ ಉದ್ಯೋಗ, ದುಡಿಯುವವರ ಹಕ್ಕು, ಸಾಮಾಜಿಕ ರಕ್ಷಣೆ, ಪರಸ್ಪರ ಸಮಾಲೋಚನೆ ಎಂಬ ನಾಲ್ಕನ್ನೂ ಒಟ್ಟಿಗೆ ಇಡುತ್ತದೆ. ಈ ಹೋಟೆಲು ಮೊದಲನೆಯದನ್ನು ಕೊಟ್ಟಿದೆ, ನಾಲ್ಕನೆಯದನ್ನು ಯಾವ ದೊಡ್ಡ ಕಂಪೆನಿಗಿಂತಲೂ ಚೆನ್ನಾಗಿ ಕೊಟ್ಟಿದೆ, ಮೂರನೆಯದರಲ್ಲಿ ಸೋತಿದೆ. ಅದೇ ಸಂಘಟನೆಯ 2002ರ 193ನೆಯ ಶಿಫಾರಸು ಸಹಕಾರ ಸಂಘಗಳಿಗೆ ಉತ್ತೇಜನ ನೀಡಬೇಕೆಂದು ಸರಕಾರಗಳಿಗೆ ಹೇಳುತ್ತಲೇ, ಕಾರ್ಮಿಕ ಕಾನೂನನ್ನು ತಪ್ಪಿಸಿಕೊಳ್ಳಲು ಅವುಗಳನ್ನು ಬಳಸಬಾರದು ಎಂದೂ ಎಚ್ಚರಿಸುತ್ತದೆ. ಇಲ್ಲಿ ಯಾರೂ ಕಾನೂನು ತಪ್ಪಿಸಿಕೊಳ್ಳುವ ಉದ್ದೇಶದಿಂದ ಘಟಕ ಕಟ್ಟಿಲ್ಲ, ನಿಜ. ಆದರೂ ರಾಜ್ಯದ ಒಂದು ದೊಡ್ಡ ಅನ್ನದಾನದ ಯೋಜನೆ, ಕನಿಷ್ಠ ಕೂಲಿಯ ಲೆಕ್ಕಕ್ಕೆ ಸಿಗದ ದುಡಿಮೆಯ ಮೇಲೆ ನಿಂತದ್ದು ಸಣ್ಣ ಸಂಗತಿಯೇನಲ್ಲ.

ಹೀಗೆಯೇ ಆಗಬೇಕಾಗಿರಲಿಲ್ಲ ಎನ್ನುವುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆಗಳಿವೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರಿಗೆ, ನೀವೇ ಸಂಘ ಕಟ್ಟಿ ನಡೆಸಿ ಎಂದು ಒತ್ತಾಸೆಯಾಗಿ ನಿಂತವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ಅವರು 1957ರಲ್ಲಿ ಲೋಕಸಭೆಗೆ ಆಯ್ಕೆಯಾದದ್ದು ನಮ್ಮ ಕಾಸರಗೋಡು ಕ್ಷೇತ್ರದಿಂದ. ಮೊದಲ ಸಂಘ ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಕೇರಳದ ಮೊದಲ ಕಾಫಿ ಹೌಸು 1958ರ ಮಾರ್ಚಿನಲ್ಲಿ ತೃಶ್ಶೂರಿನಲ್ಲಿ ತೆರೆಯಿತು, ಉತ್ತರದ ಜಿಲ್ಲೆಗಳಿಗೆ ಕಣ್ಣೂರಿನ ಸಂಘ ಬಂತು. ಅಲ್ಲಿಯೂ ಧಣಿಯಿಲ್ಲ, ಆಡಳಿತ ಮಂಡಳಿಯನ್ನು ಕೆಲಸಗಾರರೇ ಆರಿಸುತ್ತಾರೆ. ಆದರೆ ಒಂದು ಸಂಘದ ಕೆಳಗೆ ಅನೇಕ ಶಾಖೆಗಳಿರುವುದರಿಂದ ಭವಿಷ್ಯನಿಧಿ, ಗ್ರಾಚ್ಯುಟಿ, ಬೋನಸ್ಸು ಸಾಧ್ಯವಾದವು. ಒಬ್ಬ ರಜೆ ಹಾಕಿದರೆ ಒಲೆ ಆರುವುದಿಲ್ಲ. ಅಲ್ಲಿ ದಶಕಗಳ ಕಾಲ ಬಿಳಿ ಉಡುಪು, ಬೀಸಣಿಗೆಯಂಥ ತುರಾಯಿಯ ಪೇಟ ತೊಟ್ಟು ಬಡಿಸುತ್ತಿದ್ದವರು ಗಂಡಸರು ಮಾತ್ರ ಎಂಬುದನ್ನೂ ಇಲ್ಲಿ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾಗುತ್ತದೆ. ಗಂಡಸರ ಸಹಕಾರ ಸಂಘಕ್ಕೆ ಪಿಂಚಣಿಯ ಯೋಚನೆ, ಹೆಂಗಸರ ಸಹಕಾರಕ್ಕೆ ಸ್ವಾವಲಂಬನೆಯ ಹೊಗಳಿಕೆ: ಈ ತಾರತಮ್ಯವನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ.

ಏಳು ಮಂದಿಯಲ್ಲಿ ಮೂವರು ಹಿಂದೆ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದವರು. ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ, ತಂಬಾಕು ತಂದು, ರಾತ್ರಿಯವರೆಗೆ ಕುಳಿತು ಕಟ್ಟಿ, ಮರುದಿನ ಕೊಂಡೊಯ್ದಾಗ ಕಳಪೆಯೆಂದು ಎಷ್ಟು ಬದಿಗೆ ಸರಿಸುತ್ತಾರೋ ಎಂಬ ಅಳುಕಿನಲ್ಲಿ ನಿಂತ ಅನುಭವ ಅವರದು. ಬೀಡಿಯ ಕೆಲಸದಲ್ಲಿ ಸಹಕಾರ ಏನು ಮಾಡಬಹುದು ಎಂಬುದನ್ನೂ ಈ ಕರಾವಳಿ ಕಂಡಿದೆ. 1966ರ ಬೀಡಿ ಕಾರ್ಮಿಕರ ಕಾಯ್ದೆಯನ್ನು ಕೇರಳ ಜಾರಿಗೆ ತರಲು ಹೊರಟಾಗ, ರಜೆ, ಹೆರಿಗೆ ಸೌಲಭ್ಯಗಳ ಹೊರೆ ಹೊರಲೊಲ್ಲದ ಮಂಗಳೂರು ಮೂಲದ ಕಂಪೆನಿಗಳು 1968ರಲ್ಲಿ ಕಣ್ಣೂರು ಕಡೆಯ ತಮ್ಮ ಕೆಲಸ ನಿಲ್ಲಿಸಿದವು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಅವರಿಗಾಗಿ 1969ರಲ್ಲಿ ಹುಟ್ಟಿದ ಕೇರಳ ದಿನೇಶ್ ಬೀಡಿ ಸಹಕಾರ ಸಂಘವು ಕಂಪೆನಿಗಳು ಅಸಾಧ್ಯವೆಂದ ಅದೇ ಕಾನೂನನ್ನು ಪಾಲಿಸಿಕೊಂಡೇ ಬೆಳೆಯಿತು, ಉಚ್ಛ್ರಾಯದಲ್ಲಿ 42,000 ಮಂದಿಗೆ ಕೆಲಸ ಕೊಟ್ಟಿತು. ಬೀಡಿಯ ಬೇಡಿಕೆ ಇಳಿದ ಮೇಲೆ ಮಸಾಲೆ ಪುಡಿ, ತೆಂಗಿನ ಹಾಲು, ಕೊಡೆಗಳ ಕಡೆಗೆ ಹೊರಳಿತು. ಅಲ್ಲಿ ಪ್ರಾಥಮಿಕ ಸಂಘಗಳ ಮೇಲೆ ಒಂದು ಕೇಂದ್ರ ಸಂಘವಿತ್ತು. ಕಚ್ಚಾಮಾಲು ಖರೀದಿ, ಮಾರಾಟ ಎರಡನ್ನೂ ಅದು ನೋಡಿಕೊಂಡದ್ದರಿಂದ ಒಂದೊಂದು ಶೆಡ್ಡಿನ ನಷ್ಟ ಅಲ್ಲಿನ ಕಾರ್ಮಿಕರ ತಲೆಗೇ ಬೀಳುತ್ತಿರಲಿಲ್ಲ.

ನಮ್ಮ ಕಡೆಯ ಕನ್ನಡಿಗರಿಗೆ ಸಹಕಾರವೆಂದರೆ ಮೊದಲು ನೆನಪಾಗುವುದು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಹುಟ್ಟಿದ ಕ್ಯಾಂಪ್ಕೋ. ಅಡಿಕೆಗೆ ದರವಿಲ್ಲದೆ ಕಂಗಾಲಾದ ಬೆಳೆಗಾರರನ್ನು ಅದು ಕಾಪಾಡಿತು. ನಾನೂ ಆ ಋಣದಲ್ಲಿ ಬೆಳೆದ ಮನೆಯವನೇ. ಆದರೆ ಅದು ಬೆಳೆಗಾರರ ಸಂಘ. ಅಡಿಕೆ ಸುಲಿಯುವ, ಮರ ಹತ್ತುವ ಕೈಗಳು ಅದರ ಸದಸ್ಯರಲ್ಲ. ಸಹಕಾರ ಎಂಬ ಒಂದೇ ಮಾತಿನೊಳಗೆ ಯಾರು ಸದಸ್ಯರು ಎಂಬುದರ ಮೇಲೆ ಯಾರಿಗೆ ಲಾಭ ಎಂಬುದು ನಿರ್ಧಾರವಾಗುತ್ತದೆ. ಇದಕ್ಕೆ ಎದುರಾಗಿ, ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಷಟ್ಪಥದ ಗುತ್ತಿಗೆ ಹಿಡಿದ ಊರಾಳುಂಗಲ್ ಸೊಸೈಟಿಯು 1925ರಲ್ಲಿ ಸಮಾಜ ಸುಧಾರಕ ವಾಗ್ಭಟಾನಂದರ ಪ್ರೇರಣೆಯಿಂದ ಹುಟ್ಟಿದ ಕೂಲಿಕಾರರದೇ ಸಂಘ. ಹೆದ್ದಾರಿಯ ಕೆಲಸಕ್ಕೆ ಕೂಲಿಕಾರರ ಸಂಘ ಸಾಕಾಗುವುದಾದರೆ, ಊಟ ಬಡಿಸುವವರಿಗೆ ಏಳು ಮಂದಿಯ ಘಟಕವನ್ನು ಮೀರಿ ಬೆಳೆಯಲು ಅಡ್ಡಿಯೇನು?

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಈ ಹೋಟೆಲಿಗೆ ಬೇಕಾದದ್ದು ಇನ್ನೊಂದು ತರಬೇತಿ ಶಿಬಿರವಲ್ಲ. ತಾಲೂಕಿನ ಇಂಥ ಘಟಕಗಳೆಲ್ಲ ಒಂದೇ ಸಹಕಾರ ಸಂಘವಾಗಿ ಸೇರಿ, ಅಕ್ಕಿ, ಎಣ್ಣೆ, ಗ್ಯಾಸನ್ನು ಒಟ್ಟಿಗೆ ಕೊಂಡು, ರಜೆಯ ದಿನಕ್ಕೆ ಬದಲಿ ಆಳು ಕಳುಹಿಸುವ ಏರ್ಪಾಡು ಮಾಡಿ, ಭವಿಷ್ಯನಿಧಿಗೆ ಬೇಕಾದ ಸಂಖ್ಯೆಯನ್ನು ಮುಟ್ಟುವುದು ಮೊದಲ ಕೆಲಸ. ಎರಡನೆಯದು ದರ. ಇದೇ ರಸ್ತೆಯ ಖಾಸಗಿ ಹೋಟೆಲುಗಳಲ್ಲಿ ಊಟಕ್ಕೆ ಇದರ ಎರಡು ಪಾಲಿಗೂ ಮಿಕ್ಕಿ ಕೊಡುತ್ತೇವೆ. ಬಡವರಿಗೆ 20ಕ್ಕೋ 30ಕ್ಕೋ ಊಟ ಸಿಗಲೇಬೇಕು, ಅದರ ವ್ಯತ್ಯಾಸವನ್ನು ಸರಕಾರ ತುಂಬಲಿ. ಕಾರಿನಲ್ಲಿ ಬಂದಿಳಿಯುವ ನಮ್ಮಂಥವರಿಂದ 50 ರೂಪಾಯಿ ತೆಗೆದುಕೊಳ್ಳಲು ಅವರು ಹಿಂಜರಿಯಬೇಕಾಗಿಲ್ಲ. ಹೆಚ್ಚು ಕೊಡಲು ಹೋದರೆ ಈಗ ಚಿಲ್ಲರೆ ಎಣಿಸಿ ಹಿಂದಿರುಗಿಸುತ್ತಾರೆ.

ಒಂದು ಸಣ್ಣ ವಿಷಯ ಅವರ ಕೈಯಲ್ಲೇ ಇದೆ. ಕಲ್ಲಿಕೋಟೆಯ ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುತ್ತಿದ್ದ ಹೆಂಗಸರ ಹೋರಾಟದ ಫಲವಾಗಿ 2018ರಲ್ಲಿ ಕೇರಳವು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನು ತಿದ್ದಿ, ಕೆಲಸದ ವೇಳೆ ಕುಳಿತುಕೊಳ್ಳುವ ಅವಕಾಶವನ್ನು ಕಡ್ಡಾಯ ಮಾಡಿತು. ಈ ಹೋಟೆಲಿನಲ್ಲಿ ಗಿರಾಕಿಗಳಿಗೆ 24 ಕುರ್ಚಿಗಳಿವೆ, ಅಡಿಗೆಮನೆಯಲ್ಲಿ ಒಂದೂ ಇಲ್ಲ. ತರಕಾರಿ ಹೆಚ್ಚುವವರು ತಲೆಕೆಳಗು ಮಾಡಿದ ಬಕೆಟಿನ ಮೇಲೆ ಕುಳಿತಿರುತ್ತಾರೆ. ಹೇಳಿದ್ದಕ್ಕೆ ನಕ್ಕರು. ನಾಲ್ಕು ಕುರ್ಚಿ ಒಳಗೆ ಸರಿಸಿದರೆ ಮಧ್ಯಾಹ್ನದ ಒಂದು ಮೇಜು ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕ.

ಹೋಗುವವರಿಗೆ: 12ರಿಂದ 1 ಗಂಟೆಯ ನಡುವೆ ಹೋದರೆ ಊಟ ಚೆನ್ನಾಗಿರುತ್ತದೆ. ಪಾರ್ಸೆಲಿಗೆ 5 ರೂಪಾಯಿ ಹೆಚ್ಚು, ಮನೆಯಿಂದ ಪಾತ್ರೆ ಕೊಂಡುಹೋದರೆ ಅದನ್ನು ಬಿಡುತ್ತಾರೆ. ಭಾನುವಾರ ಬಾಗಿಲು ಹಾಕಿರುತ್ತದೆ. ಗೃಹಪ್ರವೇಶ, ಸೀಮಂತ, ಶಾಲಾ ಕಲೋತ್ಸವದಂಥ ಕಾರ್ಯಕ್ರಮಗಳಿಗೆ 200 ಜನರವರೆಗೆ ಅಡಿಗೆ ಮಾಡಿಕೊಡುತ್ತಾರೆ. ನಾಲ್ಕು ದಿನ ಮುಂಚಿತವಾಗಿ ಹೇಳಿ ಅರ್ಧ ಹಣ ಮುಂಗಡ ಕೊಡಬೇಕು. ಅವರಿಗೆ ನಾಲ್ಕು ಕಾಸು ಉಳಿಯುವುದು ಈ ಹೊರಗಿನ ಆರ್ಡರುಗಳಲ್ಲೇ ಆದ್ದರಿಂದ, ಮನೆಯ ಸಮಾರಂಭಕ್ಕೆ ಅಡಿಗೆಯವರನ್ನು ಹುಡುಕುತ್ತಿರುವವರು ದರ ಚೌಕಾಸಿ ಮಾಡದೆ ಇಲ್ಲಿ ಒಮ್ಮೆ ವಿಚಾರಿಸಬಹುದು.