ಅಂಟಾಲ್ಯದಿಂದ ಕೆಕೋವಾಗೆ ಟೂರ್ ಬುಕ್ ಮಾಡುವ ಮುಂಚೆ ದಯವಿಟ್ಟು ಇದನ್ನು ಓದಿ

ಟರ್ಕಿಯ ಅಂಟಾಲ್ಯಕ್ಕೆ ಹೋಗುವವರಿಗೆ, ಅದರಲ್ಲೂ ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ಯುವವರಿಗೆ, ಇದನ್ನು ಬರೆಯುತ್ತಿದ್ದೇನೆ. ಅಲ್ಲಿನ ಹಳೇ ಪೇಟೆ ಕಲೈಚಿಯ ಓಣಿಗಳಲ್ಲಿ ಹೆಜ್ಜೆಗೊಂದು ಟೂರ್ ಅಂಗಡಿ ಇದೆ. ಎಲ್ಲ ಬೋರ್ಡುಗಳ ಮೇಲೂ "ದೆಮ್ರೆ, ಮೈರಾ, ಕೆಕೋವಾ" ಎಂದು ಬರೆದಿರುತ್ತದೆ. ದೆಮ್ರೆ ಒಂದು ಊರು, ಮೈರಾ ಅಲ್ಲಿನ ಪ್ರಾಚೀನ ನಗರದ ಅವಶೇಷ, ಕೆಕೋವಾ ಹತ್ತಿರದ ದ್ವೀಪ, ಅದರ ದಡದಲ್ಲಿ ಸಮುದ್ರದಲ್ಲಿ ಮುಳುಗಿದ ಹಳೇ ಊರಿದೆ. ಈ ಕರಾವಳಿಗೆ ಹಿಂದೆ ಲಿಸಿಯಾ ಎಂದು ಹೆಸರು. ಜಾಗ ಬಹಳ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಮಾರುವ ರೀತಿ ಸರಿಯಿಲ್ಲ.

ನಾನು, ನಮ್ಮವರು, ಅತ್ತೆ ಹೋಗಿದ್ದೆವು. ಅಂಗಡಿಯವನು ಗಾಜಿನ ತಳದ ದೋಣಿ, ಮುಳುಗಿದ ಊರಿನ ಮೇಲೆ ಈಜು, ಸಿಮೆನಾ ಕೋಟೆ, ಸಸ್ಯಾಹಾರಿ ಊಟ, ಎಲ್ಲವೂ ಇದೆ ಎಂದ. ಪ್ರವೇಶದ ಟಿಕೆಟ್ಟೂ ಸೇರಿದೆಯಾ ಎಂದು ನಮ್ಮವರು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದ. ರಸೀದಿಯಲ್ಲಿ ಬರೆದಿದ್ದು ಮಾತ್ರ "ಕೆಕೋವಾ", ದುಡ್ಡು, ಒಂದು ಫೋನ್ ನಂಬರ್. ಅಷ್ಟೇ.

ಅಂಟಾಲ್ಯದಿಂದ ದೆಮ್ರೆಗೆ ಸುಮಾರು 140 ಕಿ.ಮೀ. ಬೆಳಗ್ಗೆ ಬಸ್ಸು ಹೋಟೆಲ್ ಹೋಟೆಲ್ ಸುತ್ತಿ ಜನರನ್ನು ತುಂಬಿಕೊಂಡಿತು. ಆಮೇಲೆ ನೇರ ಹೋಗಿದ್ದು ಒಡವೆ ಅಂಗಡಿಗೆ. ಅದು ಮುಗಿದ ಮೇಲೆ ಚರ್ಮದ ಕೋಟುಗಳ ಅಂಗಡಿಗೆ. ಒಳಗೆ ಚಹಾ ಕೊಟ್ಟರು, ಒಂದೊಂದು ಕುಟುಂಬದ ಹಿಂದೆ ಒಬ್ಬೊಬ್ಬ ಮಾರಾಟದವನನ್ನು ಬಿಟ್ಟರು. ಏನೂ ಬೇಡ ಎಂದು ಹೊರಗೆ ಬಂದರೆ ಬಸ್ಸಿಗೆ ಬೀಗ, ಡ್ರೈವರ್ ಕಾಣೆ. ಅತ್ತೆಗೆ ಮಂಡಿ ನೋವು. ಆ ಬಿಸಿಲಲ್ಲಿ ಕೂರಲು ಒಂದು ಬೆಂಚೂ ಇರಲಿಲ್ಲ. ಆ ಅಂಗಡಿಗಳಲ್ಲಿ ಕಳೆದಷ್ಟು ಹೊತ್ತು ಮೈರಾದಲ್ಲಿ ನಮಗೆ ಸಿಗಲಿಲ್ಲ ಅನ್ನುವುದೇ ಹೊಟ್ಟೆ ಉರಿಸುವ ಸಂಗತಿ.

ಯಾಕೆಂದರೆ ಮೈರಾ ಓಡೋಡಿ ನೋಡುವ ಜಾಗವಲ್ಲ. ಕಡಿದಾದ ಬಂಡೆಯಲ್ಲಿ ಮನೆಗಳಂತೆ ಸಮಾಧಿಗಳನ್ನು ಕೊರೆದಿದ್ದಾರೆ. ಮರದ ತೊಲೆಗಳ ತುದಿಗಳನ್ನೂ ಕಲ್ಲಿನಲ್ಲೇ ಕಡೆದು ತೋರಿಸಿದ್ದಾರೆ. ಪಕ್ಕದಲ್ಲೇ ರೋಮನ್ನರ ಕಾಲದ ದೊಡ್ಡ ರಂಗಮಂದಿರ, ನಾಟಕದ ಮುಖವಾಡಗಳ ಕೆತ್ತನೆ. ಅಲ್ಲಿ ಗೇಟಿನ ಮುಂದೆ ನಿಂತು ಗೈಡ್ ಹೇಳಿದ, ಟಿಕೆಟ್ ದುಡ್ಡು ನೀವೇ ಕೊಡಬೇಕು ಎಂದು. ಸೇಂಟ್ ನಿಕೋಲಸ್ ಚರ್ಚಿನಲ್ಲೂ ಅದೇ ಕತೆ. ನಾಲ್ಕನೇ ಶತಮಾನದಲ್ಲಿ ಮೈರಾದ ಬಿಷಪ್ ಆಗಿದ್ದ ಇವರಿಂದಲೇ ಸಾಂಟಾ ಕ್ಲಾಸ್ ಕತೆ ಬೆಳೆದಿದ್ದು. 1087ರಲ್ಲಿ ಇಟಲಿಯ ಬಾರಿ ಊರಿನ ನಾವಿಕರು ಇವರ ಮೂಳೆಗಳನ್ನು ಇಲ್ಲಿಂದ ಎತ್ತಿಕೊಂಡು ಹೋದರು. ಗೋಡೆಯ ಮೇಲೆ ಹಳೆಯ ಚಿತ್ರಗಳು ಇನ್ನೂ ಇವೆ. ನಾವು ಅವನ್ನು ನೋಡುತ್ತಾ ನಿಂತರೆ ಗೈಡ್ ಹೊರಗಿನ ಅಂಗಡಿಯತ್ತ ಅವಸರ ಮಾಡುತ್ತಿದ್ದ.

ಈಗ ಎಲ್ಲಕ್ಕಿಂತ ದೊಡ್ಡ ಸುಳ್ಳಿಗೆ ಬರೋಣ. ಮುಳುಗಿದ ಊರಿನ ಮೇಲೆ ಈಜುವುದಕ್ಕೆ ಅವಕಾಶವೇ ಇಲ್ಲ! ಎರಡನೇ ಶತಮಾನದಲ್ಲಿ ಆದ ಭೂಕಂಪದಲ್ಲಿ ಕೆಕೋವಾ ದ್ವೀಪದ ದಡದ ಊರು ಸಮುದ್ರಕ್ಕೆ ಕುಸಿಯಿತು. ನೀರಿಗೆ ಇಳಿಯುವ ಮೆಟ್ಟಿಲುಗಳು, ಅರ್ಧ ಮುಳುಗಿದ ಗೋಡೆಗಳು ಇವತ್ತಿಗೂ ಕಾಣುತ್ತವೆ. 1990ರಿಂದ ಇದು ವಿಶೇಷ ಸಂರಕ್ಷಿತ ಪ್ರದೇಶ. ಅವಶೇಷಗಳ ಹತ್ತಿರ ಈಜುವ ಹಾಗಿಲ್ಲ, ಡೈವ್ ಮಾಡುವ ಹಾಗಿಲ್ಲ, ಲಂಗರು ಹಾಕುವ ಹಾಗೂ ಇಲ್ಲ. ದೋಣಿ ನಿಧಾನವಾಗಿ ಪಕ್ಕದಲ್ಲಿ ಹಾದು ಹೋಗುತ್ತದೆ. ಈಜಲು ನಿಲ್ಲಿಸುವುದು ಬೇರೆ ಯಾವುದೋ ಕೊಲ್ಲಿಯಲ್ಲಿ. ಈ ನಿಯಮ ಒಳ್ಳೆಯದೇ, ಇರಲೇಬೇಕು. ಅದು ಗೊತ್ತಿದ್ದೂ ಈಜಬಹುದು ಎಂದು ಹೇಳಿ ಮಾರುವವರನ್ನು ನಂಬಬೇಡಿ. "ಗಾಜಿನ ತಳ" ಅಂದಿದ್ದೂ ಗೀರು ಬಿದ್ದ ಒಂದು ಸಣ್ಣ ಕಿಟಕಿ. ಸುತ್ತ ಹತ್ತು ಜನ ಬಗ್ಗಿ ನಿಂತರೆ ಯಾರಿಗೂ ಏನೂ ಕಾಣುವುದಿಲ್ಲ.

ಸಿಮೆನಾದಲ್ಲಿ ದೋಣಿ ನಿಲ್ಲಲೇ ಇಲ್ಲ. ಕೇಳಿದರೆ ಹೊತ್ತಾಯಿತು ಎಂದರು. ಇದು ನನಗೆ ಈಗಲೂ ಬೇಜಾರು. ಸಿಮೆನಾ ಇರುವ ಕಲೆಕೊಯ್ ಎಂಬ ಹಳ್ಳಿಗೆ ರಸ್ತೆ ಇಲ್ಲ, ದೋಣಿಯಲ್ಲಿ ಇಲ್ಲವೇ ನಡೆದು ಹೋಗಬೇಕು. ಗುಡ್ಡದ ಮೇಲೆ ಕೋಟೆ, ಅದರೊಳಗೆ ಬಂಡೆಯಲ್ಲೇ ಕಡೆದ ಪುಟ್ಟ ರಂಗಮಂದಿರ, ಕೆಳಗೆ ನೀರಿನ ನಡುವೆ ನಿಂತ ಒಂದು ಲಿಸಿಯನ್ ಕಲ್ಲಿನ ಶವಪೆಟ್ಟಿಗೆ. ಇಷ್ಟನ್ನೂ ದೂರದಿಂದ ಫೋಟೋ ತೆಗೆದುಕೊಂಡು ವಾಪಸ್ ಬಂದೆವು.

ಊಟದ ವಿಷಯ ಹೇಳಲೇಬೇಕು. ಮೀನು ಅಥವಾ ಕೋಳಿ ಇತ್ತು. ಅತ್ತೆಗೆ ಸಿಕ್ಕಿದ್ದು ಬ್ರೆಡ್ಡು, ಟೊಮ್ಯಾಟೊ, ಸೌತೆಕಾಯಿ. ಕುಡಿಯುವ ನೀರಿಗೂ ಬೇರೆ ದುಡ್ಡು. ಸಸ್ಯಾಹಾರಿಗಳು ತಿಂಡಿ ಕಟ್ಟಿಕೊಂಡೇ ಹೋಗಿ. ಅಲ್ಲಿನ ಅನ್ನವನ್ನು ಎಷ್ಟೋ ಕಡೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ, ಕೇಳಿ ತಿನ್ನಿ.

ರಾತ್ರಿ ಅಂಗಡಿಗೆ ಹೋಗಿ ವಿಚಾರಿಸಿದರೆ, "ನಾನು ಬರೀ ಟಿಕೆಟ್ ಮಾರುವವನು, ಬಸ್ಸು ಬೇರೆಯವರದ್ದು" ಎಂದ. ಬಸ್ಸಿನವರಿಗೆ ಫೋನ್ ಮಾಡಿದರೆ ಅಂಗಡಿಯವನನ್ನೇ ಕೇಳಿ ಎಂದರು. ನಮ್ಮ ಜೊತೆ ಬಂದವರೆಲ್ಲ ಬೇರೆ ಬೇರೆ ಅಂಗಡಿಗಳಲ್ಲಿ, ಬೇರೆ ಬೇರೆ ರೇಟು ಕೊಟ್ಟು ಬಂದಿದ್ದರು. ಮಾರಿದವನು ಒಬ್ಬ, ಕರೆದೊಯ್ದವನು ಇನ್ನೊಬ್ಬ. ದುಡ್ಡು ವಾಪಸ್ ಕೇಳಲು ಎದುರಿಗೆ ಯಾರೂ ಸಿಗುವುದಿಲ್ಲ.

ಟರ್ಕಿಯಲ್ಲಿ ಟ್ರಾವೆಲ್ ಏಜೆನ್ಸಿಗಳಿಗೆ 1972ರ ಕಾನೂನಿನ ಪ್ರಕಾರ ಲೈಸೆನ್ಸ್ ಇರಬೇಕು. ತುರ್ಸಾಬ್ ಎಂಬ ಏಜೆನ್ಸಿಗಳ ಸಂಘದ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ನೋಡಬಹುದು. ನಂಬರ್ ಕೊಡಲು ತಡವರಿಸಿದರೆ ಎದ್ದು ಬನ್ನಿ. ಯಾವ ಟಿಕೆಟ್ ಸೇರಿದೆ, ಎಷ್ಟು ಅಂಗಡಿಗಳಲ್ಲಿ ನಿಲ್ಲಿಸುತ್ತಾರೆ, ಸಿಮೆನಾದಲ್ಲಿ ಇಳಿಸುತ್ತಾರಾ, ಇದನ್ನೆಲ್ಲ ರಸೀದಿಯಲ್ಲೇ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ.

ಸಾಧ್ಯವಾದರೆ ಟೂರೇ ಬೇಡ. ಅಂಟಾಲ್ಯದ ಬಸ್ ನಿಲ್ದಾಣದಿಂದ ದೆಮ್ರೆಗೆ ಸಣ್ಣ ಬಸ್ಸುಗಳಿವೆ. ಚರ್ಚು ಊರೊಳಗೇ ಇದೆ, ಮೈರಾ ಅಲ್ಲಿಂದ ಹತ್ತಿರ. ದೆಮ್ರೆಯಿಂದ ಟ್ಯಾಕ್ಸಿ ಹಿಡಿದು ಉಚಾಇಜ್ ಹಳ್ಳಿಗೆ ಹೋದರೆ ದಡದಲ್ಲೇ ಸಣ್ಣ ದೋಣಿಗಳು ಸಿಗುತ್ತವೆ, ರೇಟು ಮಾತಾಡಿಕೊಳ್ಳಬಹುದು. ಸಿಮೆನಾ ಅಲ್ಲಿಂದ ಸ್ವಲ್ಪವೇ ದೂರ. ಕೋಟೆಗೆ ಮೆಟ್ಟಿಲು ಜಾಸ್ತಿ, ಮಂಡಿ ನೋವಿರುವವರು ಕೆಳಗೆ ನೀರಿನ ಪಕ್ಕದ ಹೋಟೆಲಿನಲ್ಲಿ ಕೂತಿರಬಹುದು. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಹಾಗಾಗಿ ದೋಣಿಯನ್ನು ಬೆಳಗ್ಗೆಯೇ ಹತ್ತಿ, ಮೈರಾ ಮತ್ತು ಚರ್ಚನ್ನು ಆಮೇಲೆ ಇಟ್ಟುಕೊಳ್ಳಿ.