ಬಾಗಿಲು ಮುಚ್ಚಿದ ಮಾತ್ರಕ್ಕೆ ವಿಮೆ ಹಣ ಬರುವುದಿಲ್ಲ: ಹೋಟೆಲ್ ನಡೆಸುವವರು ಪಾಲಿಸಿಯ ಒಳಪುಟ ಓದಿ

ಹೋಟೆಲ್ ನಡೆಸುವ ಎಲ್ಲರಲ್ಲೂ ಒಂದು ಕಳಕಳಿಯ ವಿನಂತಿ. ಈ ಸಲ ವಿಮೆ ನವೀಕರಿಸುವ ಮುಂಚೆ ಪಾಲಿಸಿಯ ಪೂರ್ತಿ ಪ್ರತಿಯನ್ನು ಏಜೆಂಟರಿಂದ ಕೇಳಿ ತೆಗೆದುಕೊಳ್ಳಿ. ಮೊತ್ತ, ಪ್ರೀಮಿಯಂ ಇರುವ ಮೊದಲ ಪುಟ ಸಾಲದು. ಅಲ್ಲಿ ‘ಬಿಸಿನೆಸ್ ಇಂಟರಪ್ಷನ್’ ಅಂತ ಬರೆದಿದೆ, ವ್ಯಾಪಾರ ನಿಂತರೆ ನಷ್ಟ ತುಂಬಿಕೊಡುತ್ತಾರೆ ಎಂದು ನಂಬಿಕೊಂಡಿದ್ದ ಅಮೆರಿಕದ ಎಷ್ಟೋ ರೆಸ್ಟೋರೆಂಟ್‌ಗಳವರು ಕೋವಿಡ್ ಕಾಲದಲ್ಲಿ ಬಿಡಿಗಾಸೂ ಕಾಣದೆ ಕೋರ್ಟು ಅಲೆದರು.

ನ್ಯೂ ಆರ್ಲಿಯನ್ಸ್‌ನ ಓಶಿಯಾನಾ ಗ್ರಿಲ್ ಎಂಬ ರೆಸ್ಟೋರೆಂಟ್ ಮೊಕದ್ದಮೆ ಹೂಡಿದ್ದು 2020ರ ಮಾರ್ಚ್ 16ರಂದು. ಇಂಥ ಪ್ರಕರಣಗಳಲ್ಲಿ ಅದೇ ಮೊದಲಿನದು. ಕೆಳಗಿನ ಕೋರ್ಟಿನಲ್ಲಿ ಸೋತು, 2022ರಲ್ಲಿ ಮೇಲ್ಮನವಿಯಲ್ಲಿ ಗೆದ್ದು, 2023ರ ಮಾರ್ಚ್‌ನಲ್ಲಿ ಲೂಸಿಯಾನ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಸೋತರು. ಮೂರು ವರ್ಷ ಹೋಯಿತು. ಎಲ್ಲವೂ ನಿಂತಿದ್ದು ಪಾಲಿಸಿಯ ಒಂದೇ ಮಾತಿನ ಮೇಲೆ: ‘ಆಸ್ತಿಗೆ ನೇರವಾದ ಭೌತಿಕ ನಷ್ಟ ಅಥವಾ ಹಾನಿ’. ಬೆಂಕಿ ಬಿದ್ದು ಅಡುಗೆಮನೆ ಸುಟ್ಟರೆ ಅದು ಭೌತಿಕ ಹಾನಿ. ಸರ್ಕಾರ ಬಾಗಿಲು ಹಾಕಿಸಿದರೆ ಗೋಡೆ, ಒಲೆ, ಮೇಜು ಎಲ್ಲ ಇದ್ದಲ್ಲೇ ಇರುತ್ತವೆ. ಪರಿಹಾರ ಕೊಡುವ ಅವಧಿಯನ್ನೂ ‘ದುರಸ್ತಿ ಮುಗಿಯುವವರೆಗೆ’ ಎಂದೇ ಲೆಕ್ಕ ಹಾಕುವುದು. ದುರಸ್ತಿಯೇ ಬೇಡದ ಕಡೆ ಅವಧಿ ಎಲ್ಲಿಂದ ಬರಬೇಕು? ಅಮೆರಿಕದ ಹೆಚ್ಚಿನ ಕೋರ್ಟುಗಳು ಇದೇ ತರ್ಕ ಹಿಡಿದವು.

ಹಾಗಾದರೆ ಸರ್ಕಾರದ ಆದೇಶದಿಂದ ವ್ಯಾಪಾರ ನಿಂತರೆ ಪರಿಹಾರ ಕೊಡುವ ಷರತ್ತು ಪಾಲಿಸಿಯಲ್ಲಿ ಇದೆಯಲ್ಲ ಎಂದು ಹಲವರು ಅದಕ್ಕೆ ಜೋತುಬಿದ್ದರು. ಅಲ್ಲೂ ದಾರಿ ಸಿಗಲಿಲ್ಲ. ಆ ಷರತ್ತಿನ ಸಾಮಾನ್ಯ ರೂಪದಲ್ಲಿ ಒಂದು ಮೈಲಿಯೊಳಗೆ ಬೇರೆಯವರ ಆಸ್ತಿಗೆ ಹಾನಿಯಾಗಿರಬೇಕು, ಅದರಿಂದಾಗಿ ಅಧಿಕಾರಿಗಳು ನಿಮ್ಮ ಜಾಗಕ್ಕೆ ಪ್ರವೇಶವನ್ನೇ ನಿಷೇಧಿಸಿರಬೇಕು. ಮೊದಲ 72 ಗಂಟೆಗೆ ಏನೂ ಇಲ್ಲ, ಆಮೇಲೆ ಹೆಚ್ಚೆಂದರೆ ನಾಲ್ಕು ವಾರ. ಪಾರ್ಸೆಲ್ ಕೊಡಲು ಅನುಮತಿ ಇತ್ತಲ್ಲ, ಅದನ್ನೇ ಹಿಡಿದು ‘ಪ್ರವೇಶ ನಿಷೇಧ ಆಗಿರಲಿಲ್ಲ’ ಎಂದು ಕಂಪನಿಗಳು ವಾದಿಸಿದವು, ಕೋರ್ಟುಗಳೂ ಒಪ್ಪಿದವು. ಬದುಕಿಕೊಳ್ಳಲು ಮಾಡಿದ ಪಾರ್ಸೆಲ್ ವ್ಯಾಪಾರವೇ ಕ್ಲೇಮಿಗೆ ಮುಳುವಾಯಿತು. ಇದು ನಿಜಕ್ಕೂ ಹೊಟ್ಟೆ ಉರಿಯುವ ಸಂಗತಿ.

ಹಿಂದಿನ ಪುಟಗಳಲ್ಲಿ ಇನ್ನೊಂದು ಕಂಟಕ ಇರುತ್ತದೆ. ಸಾರ್ಸ್ ರೋಗ ಬಂದುಹೋದ ಮೇಲೆ, 2006ರಲ್ಲಿ, ವೈರಸ್ ಮತ್ತು ಬ್ಯಾಕ್ಟೀರಿಯಾದಿಂದಾಗುವ ನಷ್ಟವನ್ನು ಹೊರಗಿಡುವ ಒಂದು ಸಿದ್ಧ ನಮೂನೆಯ ಷರತ್ತು ಅಮೆರಿಕದ ವಿಮೆಗಳಿಗೆ ಬಂತು. ಅದರಂಥ ಒಂದು ಷರತ್ತು ಇದ್ದರೆ ಏನು, ಇಲ್ಲದಿದ್ದರೆ ಏನು ಎನ್ನುವುದಕ್ಕೆ ಉತ್ತರ ಕೆರೊಲಿನಾ ಸುಪ್ರೀಂ ಕೋರ್ಟನ್ನು ನೋಡಿ. 2024ರ ಡಿಸೆಂಬರ್ 13ರಂದು, ಒಂದೇ ದಿನ, ಎರಡು ತೀರ್ಪು. 16 ರೆಸ್ಟೋರೆಂಟ್‌ಗಳು ಸೇರಿ ಹೂಡಿದ್ದ ಮೊಕದ್ದಮೆಯಲ್ಲಿ ಪಾಲಿಸಿಯೊಳಗೆ ವೈರಸ್ ಹೊರಗಿಡುವ ಮಾತು ಇರಲಿಲ್ಲ. ಜಾಗವನ್ನು ಬಳಸಲಾಗದಂತೆ ಆದೇಶ ಬಂದದ್ದೂ ‘ಭೌತಿಕ ನಷ್ಟ’ವೇ ಎಂದು ಕೋರ್ಟು ಹೇಳಿತು, ಅವರು ಗೆದ್ದರು. ಬಟ್ಟೆ ಅಂಗಡಿಗಳ ಸರಣಿಯೊಂದರ ಪಾಲಿಸಿಯಲ್ಲಿ ವೈರಸ್ಸನ್ನೂ ಸೇರಿಸಿ ‘ಕಲುಷಿತವಾಗುವುದ’ನ್ನು ಹೊರಗಿಟ್ಟಿದ್ದರು. ಅವರು ಸೋತರು.

ವೈರಸ್ ರಕ್ಷಣೆ ‘ಇದೆ’ ಎಂದು ಬರೆದಿದ್ದರೂ ಸಮಾಧಾನ ಪಡಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ಜಾನ್ಸ್ ಗ್ರಿಲ್‌ಗೆ ಹಾಗೆ ಇತ್ತು. ಆದರೆ ಆ ವೈರಸ್ ಬಿರುಗಾಳಿ, ನೀರಿನ ಹಾನಿ, ದಾಂಧಲೆಯಂಥ ಪಟ್ಟಿಮಾಡಿದ ಕಾರಣಗಳಿಂದ ಬಂದಿರಬೇಕು ಎಂಬ ಷರತ್ತು ಜೊತೆಗಿತ್ತು. 2024ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಆ ಷರತ್ತನ್ನು ಎತ್ತಿಹಿಡಿಯಿತು.

ಬ್ರಿಟನ್ನಿನಲ್ಲಿ ಕಥೆ ಬೇರೆಯಾಯಿತು, ಕಾರಣ ಅಲ್ಲಿನ ಹಲವು ಪಾಲಿಸಿಗಳಲ್ಲಿ ಆಸ್ತಿ ಹಾನಿಯ ಹಂಗಿಲ್ಲದ ಷರತ್ತುಗಳಿದ್ದವು. ನಿಮ್ಮ ಜಾಗದಿಂದ 25 ಮೈಲಿಯೊಳಗೆ ವರದಿ ಮಾಡಲೇಬೇಕಾದ ರೋಗ ಕಾಣಿಸಿಕೊಂಡರೆ ಪರಿಹಾರ, ಎನ್ನುವಂಥವು. ಹಣಕಾಸು ನಿಯಂತ್ರಕರೇ ಮುಂದೆ ನಿಂತು 21 ಮಾದರಿ ಪಾಲಿಸಿಗಳನ್ನು ಕೋರ್ಟಿಗೆ ಒಯ್ದರು. 2021ರ ಜನವರಿ 15ರಂದು ಅಲ್ಲಿನ ಸುಪ್ರೀಂ ಕೋರ್ಟು ಬಹುಮಟ್ಟಿಗೆ ವಿಮೆ ಮಾಡಿಸಿದವರ ಪರ ತೀರ್ಪು ಕೊಟ್ಟಿತು. ಅಲ್ಲಿ ಹೋಟೆಲ್ ಇಟ್ಟಿರುವ ಕನ್ನಡಿಗರು ಇನ್ನೊಂದನ್ನು ಗಮನಿಸಬೇಕು: ನೌಕರರ ಸಂಬಳಕ್ಕೆಂದು ಸರ್ಕಾರ ಕೊಟ್ಟ ಫರ್ಲೋ ಹಣವನ್ನು ಪರಿಹಾರದಲ್ಲಿ ಕಳೆಯಬಹುದೆಂದು 2022ರಲ್ಲಿ ಲಂಡನ್ ಹೈಕೋರ್ಟು ಹೇಳಿದೆ.

ನಮ್ಮಲ್ಲಿ 2020ರ ಮಾರ್ಚ್ 25ರಿಂದ ಜೂನ್ 7ರವರೆಗೆ 75 ದಿನ ಕೂತು ತಿನ್ನುವ ವ್ಯವಹಾರ ಬಂದ್. ಇಲ್ಲಿ ಮಾರುವುದು ಬೆಂಕಿ ವಿಮೆಗೆ ಜೋಡಿಸಿದ ಲಾಭನಷ್ಟದ ಪಾಲಿಸಿ, ಏಜೆಂಟರ ಬಾಯಲ್ಲಿ ‘ಫ್ಲಾಪ್’. ಮೊದಲು ಬೆಂಕಿ ವಿಮೆಯ ಕ್ಲೇಮು ಮಂಜೂರಾಗಬೇಕು, ಆಮೇಲೆ ಇದು. ಲಾಕ್‌ಡೌನ್‌ಗೆ ಇದರಿಂದ ಏನೂ ಬರುವುದಿಲ್ಲ. ಹಾನಿ ಇಲ್ಲದೆಯೂ ರೋಗ ಅಥವಾ ಸರ್ಕಾರಿ ಆದೇಶದಿಂದ ಮುಚ್ಚಿದರೆ ಕೊಡುವ ಹೆಚ್ಚುವರಿ ಷರತ್ತು ಇದೆಯೇ, ಎಷ್ಟು ದಿನಕ್ಕೆ, ಎಷ್ಟು ಮಿತಿಗೆ ಎಂದು ಇಮೇಲ್‌ನಲ್ಲೇ ಕೇಳಿ, ಇಮೇಲ್‌ನಲ್ಲೇ ಉತ್ತರ ಪಡೆಯಿರಿ. ಏಜೆಂಟರು ಬಾಯಲ್ಲಿ ‘ಎಲ್ಲ ಕವರ್ ಆಗುತ್ತೆ ಸಾರ್’ ಎಂದದ್ದು ಎಲ್ಲೂ ನಿಲ್ಲುವುದಿಲ್ಲ.

ಬೆಂಕಿಯೇ ಬಿದ್ದರೂ ಪೂರ್ತಿ ಹಣ ಕೈಗೆ ಬರದಿರುವುದು ಲೆಕ್ಕದ ತಪ್ಪಿನಿಂದ. ವಿಮೆಯ ‘ಗ್ರಾಸ್ ಪ್ರಾಫಿಟ್’ ಬೇರೆ, ಆಡಿಟರ ‘ಗ್ರಾಸ್ ಪ್ರಾಫಿಟ್’ ಬೇರೆ. ಅಕ್ಕಿ, ಉದ್ದು, ಎಣ್ಣೆ, ಗ್ಯಾಸ್, ಪಾರ್ಸೆಲ್ ಡಬ್ಬಿ, ಇವುಗಳ ಖರ್ಚು ವ್ಯಾಪಾರ ನಿಂತರೆ ತಾನಾಗಿ ನಿಲ್ಲುತ್ತದೆ. ಬಾಡಿಗೆ, ಅಡುಗೆ ಭಟ್ಟರ ಸಂಬಳ, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ನಿವ್ವಳ ಲಾಭಕ್ಕೆ ಈ ನಿಲ್ಲದ ಖರ್ಚುಗಳನ್ನು ಸೇರಿಸಿದರೆ ವಿಮೆಯ ಲೆಕ್ಕ. ವರ್ಷಕ್ಕೆ 2 ಕೋಟಿ ವಹಿವಾಟು, ನಿಲ್ಲುವ ಖರ್ಚು 1.2 ಕೋಟಿ ಆದರೆ 80 ಲಕ್ಷಕ್ಕೆ ವಿಮೆ ಇರಬೇಕು. ಆಡಿಟರು ಭಟ್ಟರ ಸಂಬಳ 20 ಲಕ್ಷವನ್ನೂ ಕಳೆದು 60 ಲಕ್ಷ ಎಂದು ಬರೆದಿರುತ್ತಾರೆ, ನೀವು ಅಷ್ಟಕ್ಕೇ ವಿಮೆ ಮಾಡಿಸಿರುತ್ತೀರಿ. ಆಗ 20 ಲಕ್ಷ ನಷ್ಟವಾದರೆ ನಷ್ಟ ಅಳೆಯಲು ಬರುವ ಸರ್ವೇಯರ್ ಅದೇ ಪ್ರಮಾಣದಲ್ಲಿ (80ಕ್ಕೆ 60, ಅಂದರೆ ಮುಕ್ಕಾಲು) ಕತ್ತರಿಸಿ 15 ಲಕ್ಷ ಬರೆಯುತ್ತಾರೆ.

ಕ್ಲೇಮು ತಿರಸ್ಕರಿಸಿದರೆ ಯಾವ ಷರತ್ತಿನ ಯಾವ ಸಂಖ್ಯೆಯಡಿ ಎಂದು ಲಿಖಿತವಾಗಿ ಕೇಳಿ. ನಮ್ಮಲ್ಲಿ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಗಡುವು. ಅಮೆರಿಕದಲ್ಲಿರುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿನ ಸಾಮಾನ್ಯ ನಮೂನೆಯಲ್ಲಿ ಎರಡು ವರ್ಷ ಎಣಿಸುವುದು ತಿರಸ್ಕಾರ ಪತ್ರ ಬಂದ ದಿನದಿಂದಲ್ಲ, ನಷ್ಟವಾದ ದಿನದಿಂದ. ‘ಪರಿಶೀಲನೆಯಲ್ಲಿದೆ’ ಎಂಬ ಪತ್ರಗಳಿಗೆ ಕಾಯುತ್ತ ಕೂತರೆ ಆ ಗಡುವು ನಿಮಗಾಗಿ ನಿಲ್ಲುತ್ತದೆ ಎಂದುಕೊಳ್ಳಬೇಡಿ.